ಅಪ್ಪನ ಹೆಸರಿನ ಖಾನೆ

ಜೂನ್ ತಿಂಗಳ ಮೊದಲ ವಾರ ನಮ್ಮ ಕಡೆ ಸಾಲಿಗೆ ಹೆಸರು ಹಚ್ಚುವ ಹಂಗಾಮು. ಮಳೆ ಬಂದಿರಲಿ ಬಿಡಲಿ, ಮಾಸ್ತರು ರಿಜಿಸ್ಟರು ಬಿಚ್ಚಿ ಕೂತಿರುತ್ತಾರೆ. ಹುಡುಗನ ಹೆಸರು ಬರೆಯುತ್ತಾರೆ. ಹುಟ್ಟಿದ ತಾರೀಖು ಗೊತ್ತಿಲ್ಲವೆಂದರೆ ತಾವೇ ಜೂನ್ 1 ಎಂದು ಹಾಕುತ್ತಾರೆ. ನಮ್ಮ ಕೇರಿಯ ಅರ್ಧ ಮಂದಿ ಜೂನ್ 1ಕ್ಕೇ ಹುಟ್ಟಿದವರು. ಜಾತಿ ಕೇಳುವುದೇ ಬೇಡ, ಯಾವ ಓಣಿಯಿಂದ ಬಂದರು ಅಂದರೆ ಸಾಕು. ಪೆನ್ನು ನಿಲ್ಲುವುದು ಒಂದೇ ಖಾನೆಯಲ್ಲಿ. ತಂದೆಯ ಹೆಸರು.

ಮಾಸ್ತರು ಅವ್ವನ ಮುಖ ನೋಡುತ್ತಾರೆ. ಅವ್ವ ನೆಲ ನೋಡುತ್ತಾಳೆ. ಹಿಂದೆ ನಿಂತವರು ಯಾರೋ ಕಿಸಕ್ಕನೆ ನಗುತ್ತಾರೆ. ಕಡೆಗೆ ಸೋದರಮಾವನ ಹೆಸರೋ, ಮುತ್ಯಾನ ಹೆಸರೋ, ಏನೂ ತೋಚದಿದ್ದರೆ ದೇವರ ಹೆಸರೋ ಆ ಖಾನೆಯಲ್ಲಿ ಬೀಳುತ್ತದೆ. ಹುಡುಗ ಅಂದಿನಿಂದ ಒಂದು ಸುಳ್ಳನ್ನು ಬೆನ್ನಿಗೆ ಕಟ್ಟಿಕೊಂಡು ಅಕ್ಷರ ಕಲಿಯಲು ಕೂಡುತ್ತಾನೆ.

ನಾವು ಎಂದರೆ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಲಿನ ಕೇರಿಗಳಲ್ಲಿ ಹುಟ್ಟಿ, ನಮ್ಮ ನಮ್ಮ ಮನೆಗೆ ಮೊದಲ ಸಲ ಪದವಿಯ ಕಾಗದ ತಂದವರು. ನಮ್ಮಲ್ಲಿ ಕೆಲವರ ಖಾನೆಯಲ್ಲಿ ಅಪ್ಪನ ಹೆಸರಿದೆ, ಕೆಲವರದರಲ್ಲಿ ಇಲ್ಲ. ಇದ್ದವರೂ ಇಲ್ಲದವರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಬೈಗುಳ ತಿಂದು ಬೆಳೆದವರು. ಆದ್ದರಿಂದ ಇಲ್ಲಿ ನಾವು ಎಂದೇ ಬರೆಯುತ್ತೇವೆ. ಯಾರದು ಯಾವ ಕತೆ ಎಂದು ಬೇರೆ ಮಾಡುವ ಕೆಲಸ ಬೇಕಾದವರು ಮಾಡಿಕೊಳ್ಳಲಿ.

ಈ ಮಾತು ಈಗ ಯಾಕೆ ಬಂತೆಂದರೆ, 2025ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕದ ಶಾಸನಸಭೆ ದೇವದಾಸಿ ಪದ್ಧತಿಯ ಬಗ್ಗೆ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ಹಳೆಯ ಕಾಯ್ದೆಗಳು ಮುತ್ತು ಕಟ್ಟುವುದನ್ನು ಅಪರಾಧ ಎಂದವು, ಕಟ್ಟಿಸಿಕೊಂಡ ಹೆಣ್ಣಿನ ಮಕ್ಕಳ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹೊಸದು ಮಾತಾಡಿದೆ. ದಾಖಲೆಗಳಲ್ಲಿ ತಂದೆಯ ಹೆಸರಿಗಾಗಿ ಒತ್ತಾಯ ಮಾಡಬಾರದು ಎನ್ನುತ್ತದೆ. ಅಷ್ಟೇ ಅಲ್ಲ, ಮಗ ಅಥವಾ ಮಗಳು ಬಯಸಿದರೆ ತನ್ನ ತಂದೆ ಯಾರೆಂದು ಗುರುತಿಸಿಕೊಡಿ ಎಂದು ಕೇಳಬಹುದು. ಆ ಮನುಷ್ಯ ಒಪ್ಪದಿದ್ದರೆ ಕೋರ್ಟಿನ ತನಕ, ರಕ್ತಪರೀಕ್ಷೆಯ ತನಕ ಹೋಗಬಹುದು. ಅಂದರೆ ಸಾವಿರ ವರ್ಷ ಊರು ಮುಚ್ಚಿಟ್ಟ ಬಾಗಿಲಿಗೆ ಒಂದು ಕೀಲಿಕೈ ಬಂದಿದೆ. ಇದು ಸಣ್ಣ ಮಾತಲ್ಲ.

ಆದರೆ ಕೀಲಿಕೈ ಕೈಗೆ ಬಂದ ಮೇಲೇ ನಮ್ಮೊಳಗೆ ಜಗಳ ಸುರುವಾದದ್ದು. ಕೇಳಬೇಕೋ ಬೇಡವೋ? ನಮ್ಮ ಹುಟ್ಟಿನ ಗುಟ್ಟು ಯಾರ ಸ್ವತ್ತು? ಮಗನದೋ, ಅವ್ವನದೋ, ಗೌಡನದೋ?

ಮೊದಲು ಇದು ಗುಟ್ಟೇ ಅಲ್ಲ ಎಂಬುದನ್ನು ಹೇಳಿಬಿಡಬೇಕು. ಊರಿಗೆ ಗೊತ್ತು, ಕೇರಿಗೆ ಗೊತ್ತು. ಹೊಲದಾಗ ಕಳೆ ತೆಗೆಯುವ ಹೆಂಗಸರಿಗೆ ಗೊತ್ತು, ಬಟ್ಟೆ ಒಗೆಯುವವರಿಗೆ ಗೊತ್ತು, ವಾಡೆಯ ಹಿತ್ತಲ ಬಳಿಯುವವರಿಗೆ ಗೊತ್ತು. ಹುಡುಗನ ಮೂಗು ನೋಡಿದವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಕಾಗದಕ್ಕೆ ಒಂದಕ್ಕೇ. ಹಾಗಾದರೆ ಇದನ್ನು ಗುಟ್ಟು ಎಂದು ಯಾಕೆ ಕರೆಯುತ್ತೇವೆ? ಗೊತ್ತಿದ್ದೂ ಬಾಯಿ ಬಿಡಬಾರದು ಎಂಬ ಅಪ್ಪಣೆಗೆ ನಮ್ಮ ಊರುಗಳಲ್ಲಿ ಗುಟ್ಟು ಎಂದು ಹೆಸರು. ಹಗಲು ಮುಟ್ಟಿದರೆ ಮೈಲಿಗೆ, ರಾತ್ರಿ ಮುಟ್ಟಿದರೆ ಮೈಲಿಗೆ ಇಲ್ಲ ಎಂಬ ಶಾಸ್ತ್ರ ಬರೆದಿಟ್ಟ ಪುಸ್ತಕ ಯಾವುದೂ ಇಲ್ಲ. ಬರೆಯದೆ ಇದ್ದುದರಿಂದಲೇ ಅದು ಇಷ್ಟು ಗಟ್ಟಿಯಾಗಿ ನಡೆದುಕೊಂಡು ಬಂತು.

ಅಪ್ಪಣೆ ಒಂದೇ ಆದರೂ ಮೌನ ಎರಡು ಥರದ್ದು. ಇದನ್ನು ನಮ್ಮ ಗೆಳೆಯರು ಹಲವರು ಗಮನಿಸುವುದಿಲ್ಲ. ವಾಡೆಯೊಳಗಿನವನ ಮೌನ ಅವನ ಹೊಲ ಕಾಯುತ್ತದೆ, ಪಾಲು ಕೇಳುವವರು ಹುಟ್ಟದ ಹಾಗೆ ನೋಡಿಕೊಳ್ಳುತ್ತದೆ, ಅವನ ಮಗಳ ಮದುವೆ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ. ಗುಡಿಸಲೊಳಗಿನವಳ ಮೌನ ಕೂಸನ್ನು ಕಾಯುತ್ತದೆ. ಅವಳು ಬಾಯಿ ಬಿಟ್ಟರೆ ಗುಡಿಸಲ ಜಾಗ ಹೋದೀತು, ವರ್ಷಕ್ಕೊಮ್ಮೆ ಬರುವ ಚೀಲ ಜೋಳ ನಿಂತೀತು, ರಾತ್ರಿ ಯಾರೋ ಬಂದು ಬಾಗಿಲು ಬಡಿದಾರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಇಬ್ಬರೂ ಮುಚ್ಚಿಟ್ಟರು’ ಎನ್ನುವುದು ಅನ್ಯಾಯ.

ನಮಗೆ ಹತ್ತಿರದ ಒಂದು ಉದಾಹರಣೆ ಇದೆ. ಇಂಡಿಯಿಂದ ಭೀಮಾ ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿ ಅಕ್ಕಲಕೋಟೆ ತಾಲೂಕು. ಮಹಾಜನ ಆಯೋಗ 1967ರಲ್ಲಿ ಇದು ಕರ್ನಾಟಕಕ್ಕೆ ಸೇರಲಿ ಎಂದ ಸೀಮೆ, ಇಂದಿಗೂ ಓಣಿಗಳಲ್ಲಿ ಕನ್ನಡ ಕೇಳುವ ಸೀಮೆ. (ಆ ಸೀಮೆ ಯಾವ ರಾಜ್ಯದ್ದು ಎಂದು ಎರಡೂ ಕಡೆಯ ಮುಂದಾಳುಗಳು ಇಷ್ಟು ವರ್ಷ ಬಡಿದಾಡಿದರು. ಊರಿಗೂ ಕೇರಿಗೂ ನಡುವೆ ಇರುವ ಗಡಿಯ ಬಗ್ಗೆ ಯಾವ ಆಯೋಗವೂ ಕೂಡಲಿಲ್ಲ.) ಆ ತಾಲೂಕಿನ ಹನ್ನೂರಿನಲ್ಲಿ ಬೆಳೆದ ಶರಣಕುಮಾರ ಲಿಂಬಾಳೆ 1984ರಲ್ಲಿ ಮರಾಠಿಯಲ್ಲಿ ತಮ್ಮ ಆತ್ಮಕತೆ ಬರೆದರು. ಹೆಸರು ‘ಅಕ್ಕರಮಾಶಿ’. ಒಂದು ತೊಲ ಅಂದರೆ ಹನ್ನೆರಡು ಮಾಶಿ. ಹನ್ನೊಂದೇ ಮಾಶಿ ಇರುವುದು ಅಕ್ಕರಮಾಶಿ, ಅಂದರೆ ಒಂದು ಮಾಶಿ ಕಡಿಮೆ ಬಿದ್ದ ಬಂಗಾರ. ಕ್ರಮವಾಗಿ ಹುಟ್ಟದವನಿಗೆ ಇಟ್ಟ ಬೈಗುಳ ಅದು. ಬರೆದಾಗ ಅವರಿಗೆ ಇನ್ನೂ ಮೂವತ್ತು ಆಗಿರಲಿಲ್ಲ. ಅವರ ದಾಖಲೆಯ ಹುಟ್ಟಿದ ದಿನವೂ ಜೂನ್ 1, ಇಸವಿ 1956.

ತಾಯಿ ಮಸಾಮಾಯಿ, ಮಹಾರ ಜಾತಿಯ ಹೆಣ್ಣುಮಗಳು, ಮದುವೆಯಾದವಳು. ತಂದೆ ಬಾಸಲೆಗಾಂವದ ಪಾಟೀಲ ಹಣಮಂತ ಲಿಂಬಾಳೆ, ಲಿಂಗಾಯತ. ಪಾಟೀಲನ ಕಣ್ಣು ಬಿದ್ದು ಅವಳ ಸಂಸಾರ ಒಡೆಯಿತು, ಗಂಡ ಗಂಡುಮಕ್ಕಳನ್ನು ಇಟ್ಟುಕೊಂಡು ಇವಳನ್ನು ಬಿಟ್ಟ. ಪಾಟೀಲ ಇಟ್ಟುಕೊಂಡ, ಕೂಸು ಹುಟ್ಟಿದ ಮೇಲೆ ನನ್ನದಲ್ಲ ಎಂದ. ಹುಡುಗನನ್ನು ಸಾಕಿದವರು ಅಜ್ಜಿ ಸಂತಾಮಾಯಿ ಮತ್ತು ಅವಳೊಡನೆ ಬಾಳುತ್ತಿದ್ದ ಮಹಮೂದ ದಸ್ತಗೀರ ಜಮಾದಾರ ಎಂಬ ಮುಸಲ್ಮಾನ ಮುದುಕ. ಹುಡುಗನಿಗೆ ಆತನೇ ದಾದಾ. ಅಪ್ಪನ ರಕ್ತ ಒಂದು ಕಡೆ, ಅಪ್ಪನ ಕೆಲಸ ಮಾಡಿದವನು ಇನ್ನೊಂದು ಕಡೆ. ರಕ್ತ ಕೊಟ್ಟವನು ವಾಡೆಯಲ್ಲಿ, ರೊಟ್ಟಿ ಕೊಟ್ಟವನು ಬಸ್‌ಸ್ಟ್ಯಾಂಡಿನಲ್ಲಿ ಹಮಾಲಿ. ಧರ್ಮ, ಜಾತಿ, ಕುಲ ಎಂದು ಭಾಷಣ ಹೊಡೆಯುವವರು ಈ ಮನೆಯ ಮುಂದೆ ಬಂದು ನಿಂತು ಒಂದು ಸಲ ನೋಡಬೇಕು.

ಸಾಲಿಯ ಖಾನೆಯ ಸಂಕಟ ಆ ಪುಸ್ತಕದಲ್ಲೂ ಇದೆ. ಆದರೆ ನಮ್ಮನ್ನು ಕಾಡುವ ಸಂಗತಿ ಬೇರೆ. ಒಲ್ಲೆ ಎಂದ ಆ ಪಾಟೀಲನ ಅಡ್ಡಹೆಸರನ್ನೇ ಮಗ ಹೊತ್ತುಕೊಂಡ. ಆ ಹೆಸರಿನಿಂದಲೇ ಬರೆದ, ಆ ಹೆಸರಿಗೇ 2020ರ ಸರಸ್ವತಿ ಸಮ್ಮಾನ್ ಬಂತು. ಹಣಮಂತ ಲಿಂಬಾಳೆ ಎಂಬ ಪಾಟೀಲನನ್ನು ಇವತ್ತು ಯಾರಾದರೂ ನೆನೆಯುತ್ತಾರಾದರೆ ಅದು ಅವನು ಒಲ್ಲೆನೆಂದ ಮಗನ ದೆಸೆಯಿಂದ. ಇದು ಸೇಡೋ, ಹಕ್ಕೋ, ಇಲ್ಲಾ ಎಲ್ಲೋ ಒಳಗೆ ಉಳಿದ ಅಪ್ಪನ ಆಸೆಯೋ? ನಮ್ಮಲ್ಲಿ ಈ ಬಗ್ಗೆ ರಾತ್ರಿಯಿಡೀ ವಾದವಾಗಿದೆ. ಬರೆದವರಿಗೂ ಮೂರೂ ಇರಬಹುದು ಎಂದು ನಮಗೆ ಅನ್ನಿಸುತ್ತದೆ.

ನಮ್ಮ ಪಂಡಿತರನ್ನು ಕೇಳಿದರೆ ಸತ್ಯಕಾಮನ ಕತೆ ತೆಗೆಯುತ್ತಾರೆ. ಛಾಂದೋಗ್ಯ ಉಪನಿಷತ್ತಿನದು. ಹುಡುಗ ಗುರುವಿನ ಹತ್ತಿರ ಹೋಗಬೇಕು, ಗೋತ್ರ ಕೇಳುತ್ತಾರೆ. ತಾಯಿ ಜಬಾಲೆ, ನಾನು ಹಲವು ಕಡೆ ಕೆಲಸಕ್ಕಿದ್ದಾಗ ನೀನು ಹುಟ್ಟಿದೆ, ಯಾರ ಗೋತ್ರವೋ ತಿಳಿಯದು, ನನ್ನ ಹೆಸರೇ ಹೇಳು ಎನ್ನುತ್ತಾಳೆ. ಹುಡುಗ ಗೌತಮನೆಂಬ ಗುರುವಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಗುರು ಸೇರಿಸಿಕೊಳ್ಳುತ್ತಾನೆ. ನೋಡಿ, ನಮ್ಮ ಪರಂಪರೆ ಎಷ್ಟು ಉದಾರ ಎಂದು ಪಂಡಿತರು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಗುರು ಅಂದದ್ದೇನು? ಇಷ್ಟು ನಿಜ ಬ್ರಾಹ್ಮಣನಲ್ಲದವನು ಹೇಳಲಾರ, ಆದ್ದರಿಂದ ನೀನು ಬ್ರಾಹ್ಮಣ, ಎಂಬ ಅರ್ಥದ ಮಾತು. ನಿಜ ಹೇಳಿದವಳು ಕೂಲಿಯ ಹೆಂಗಸು. ಅದರ ಮಾನ ಹೋದದ್ದು ಬ್ರಾಹ್ಮಣ್ಯಕ್ಕೆ. ಅವ್ವನ ಧೈರ್ಯವನ್ನೂ ಕಾಣದ ಅಪ್ಪನ ಖಾತೆಗೆ ಜಮಾ ಮಾಡಿದ ಲೆಕ್ಕ ಇದು. ಇಂಥ ಉದಾರತೆ ನಮಗೆ ಬೇಡ. ಜಬಾಲೆಯ ಮಾತು ಮಾತ್ರ ಬೇಕು: ನನ್ನ ಹೆಸರೇ ಹೇಳು ಎಂದದ್ದು.

ಇದಕ್ಕೆ ಪೂರಾ ಉಲ್ಟಾ ಕತೆ ನಮ್ಮ ನೆಲದಲ್ಲೇ ಇದೆ. ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸನ ಮಗನಾಗಿ ಹುಟ್ಟಿದ ಬಸವಣ್ಣ ಜನಿವಾರ ಒಲ್ಲೆನೆಂದು ಅಪ್ಪನ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಎಂದು ಪುರಾಣಗಳು ಹೇಳುತ್ತವೆ. ಮುಂದೆ ಒಂದು ವಚನದಲ್ಲಿ ತನ್ನ ಹುಟ್ಟನ್ನೇ ಬೇರೆ ಬರೆದುಕೊಂಡ. ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ, ಸೆಗಣಿ ಆರಿಸಲು ಹೋದಲ್ಲಿ ಕೂಡಿ ಹುಟ್ಟಿದ ಮಗ ತಾನು ಎಂದ. ಗೋತ್ರ, ಪ್ರವರ, ಅಪ್ಪನ ಹೆಸರು ಎಲ್ಲ ಇದ್ದವನು, ಮದುವೆಯಿಲ್ಲದ ಕೂಡಿಕೆಯಿಂದ ಕೇರಿಯಲ್ಲಿ ಹುಟ್ಟಿದವನು ನಾನು ಎಂದು ಬಾಯಿ ತುಂಬ ಹೇಳಿಕೊಂಡ. ಹನ್ನೆರಡನೆಯ ಶತಮಾನದಲ್ಲಿ ಇದಕ್ಕಿಂತ ದೊಡ್ಡ ದಂಗೆಯ ಮಾತು ಇನ್ನೊಂದು ಆಗಿರಲಿಕ್ಕಿಲ್ಲ.

ನಾವು ಆ ಮಾತಿಗೆ ತಲೆ ಬಾಗುತ್ತೇವೆ. ಬಾಗಿ ಒಂದು ಮಾತು ಕೇಳುತ್ತೇವೆ. ಇದ್ದದ್ದನ್ನು ಬಿಟ್ಟವನ ತ್ಯಾಗವೂ ಇಲ್ಲದವನ ಕೊರತೆಯೂ ಒಂದೇ ಆದೀತೇ? ಬಸವಣ್ಣನಿಗೆ ಬಿಡಲು ಹೆಸರಿತ್ತು. ಅವನು ಏನೆಂದು ಹೇಳಿಕೊಂಡರೂ ಅವನನ್ನು ಯಾರೂ ಚೆನ್ನಯ್ಯನ ಮನೆಯ ಹಿಂದಿನ ಬಾಗಿಲಿಗೆ ಕಳಿಸುತ್ತಿರಲಿಲ್ಲ. ಅವನು ಆರಿಸಿಕೊಂಡ ಹುಟ್ಟು ನಮಗೆ ಆರಿಸದೆ ಬಂದ ಹುಟ್ಟು. ಎಂಟು ನೂರು ವರ್ಷದ ಮೇಲೆ ನಮ್ಮ ಸೀಮೆಯ ವಾಡೆಗಳಲ್ಲಿ ಅವನ ಪಟವೇ ತೂಗುತ್ತದೆ, ಪಟದ ಕೆಳಗೆ ಕೂತವರು ಕೇರಿಯ ಮಗನನ್ನು ಮಗ ಎನ್ನಲಾರರು. ಅಪ್ಪ ಎಂದರೆ ಹೇಗಿರಬೇಕೆಂದು ಕಲ್ಯಾಣದಲ್ಲಿ ತೋರಿಸಿದವರು ಇದ್ದರು. ಸಮಗಾರ ಹರಳಯ್ಯ, ಬ್ರಾಹ್ಮಣನಾಗಿ ಹುಟ್ಟಿದ ಮಧುವಯ್ಯ, ಇಬ್ಬರೂ ತಮ್ಮ ಮಕ್ಕಳ ಮದುವೆಯನ್ನು ಹಗಲು ಹೊತ್ತಿನಲ್ಲಿ, ಊರ ಮುಂದೆ ಮಾಡಿದರು. ಅದಕ್ಕಾಗಿ ಪ್ರಾಣ ತೆತ್ತರು ಎಂದು ಕತೆ. ನಮ್ಮ ಹಿಪ್ಪರಗಿಯವನೇ ಆದ ಮಡಿವಾಳ ಮಾಚಯ್ಯ ಆಮೇಲಿನ ಗದ್ದಲದಲ್ಲಿ ವಚನದ ಕಟ್ಟುಗಳನ್ನು ಕಾಯ್ದ ಎಂದು ಹಿರಿಯರು ಹೇಳುತ್ತಾರೆ. ಊರಿನ ಕೊಳೆ ಯಾವುದು ಎಲ್ಲಿಯದು ಎಂದು ಮಡಿವಾಳನಿಗಿಂತ ಹೆಚ್ಚು ಯಾರಿಗೆ ಗೊತ್ತಿದ್ದೀತು?

ಇರಲಿ. ಈಗ ನಮ್ಮ ಗೆಳೆಯನ ಮಾತಿಗೆ ಬರುತ್ತೇವೆ. ಹೆಸರು ಹೇಳಬೇಡಿ ಎಂದಿದ್ದಾನೆ, ಊರೂ ಹೇಳುವುದಿಲ್ಲ.

ಬಿ.ಎ., ಬಿ.ಎಡ್. ಮುಗಿಸಿ ಅತಿಥಿ ಶಿಕ್ಷಕನಾಗಿದ್ದಾನೆ. ಅವನ ಅವ್ವನಿಗೆ ಮುತ್ತು ಕಟ್ಟಿದ್ದರು. ಹೋದ ಚಳಿಗಾಲದಲ್ಲಿ ವಾಡೆಯಿಂದ ಒಬ್ಬ ಆಳು ಬಂದ. ಗೌಡರಿಗೆ ಲಕ್ವಾ ಹೊಡೆದೈತಿ, ನಿನ್ನ ನೋಡಬೇಕಂತಾರ, ಒಂದೀಟ ಬಂದು ಹೋಗು ಅಂದ. ಇವನು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ನಮ್ಮಿಬ್ಬರನ್ನು ಕರೆದುಕೊಂಡು ಹೋದ.

ಕಟ್ಟೆಯ ಮೇಲೆ ಕೂಡಲು ಹೇಳಿದರು. ಆಮೇಲೆ ಪಡಸಾಲೆಗೆ ಕರೆದರು, ಅಷ್ಟರಮಟ್ಟಿಗೆ ಕಾಲ ಬದಲಾಗಿದೆ. ಚಹಾ ಬಂತು. ಮನೆಯವರಿಗೆ ಸ್ಟೀಲಿನ ಗ್ಲಾಸು, ನಮಗೆ ಕಾಗದದ ಕಪ್ಪು. ಈಗ ಬೇರೆ ಕಪ್ಪು ಬೇರೆ ಇಡುವ ಹರಕತ್ತೇ ಇಲ್ಲ, ಕುಡಿದು ಬಿಸಾಕಿದರಾಯಿತು, ಕಾಯ್ದೆಯೂ ಹಿಡಿಯಲಾರದು. ಮುದುಕ ಮಂಚದ ಮೇಲಿದ್ದ. ಒಂದು ಕಡೆ ಬಾಯಿ ಸೊಟ್ಟಗಾಗಿತ್ತು.

“ಬಂದ್ಯಾ?”

“ಬಂದೀನ್ರಿ.”

“ಏನ್ ಓದೀ?”

“ಬಿ.ಎಡ್. ಮುಗಿಸೀನ್ರಿ ಗೌಡ್ರ.”

ಮಗ ಅಪ್ಪನಿಗೆ ‘ರಿ’ ಹಚ್ಚಿ ಮಾತಾಡಿದ. ಅದರಲ್ಲಿ ಹೊಸದೇನಿಲ್ಲ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ಅಪ್ಪನಿಗೆ ಹಾಗೇ ಮಾತಾಡುತ್ತಾರೆ. ಆದರೆ ‘ಗೌಡ್ರ’ ಎಂದ. ಆ ಒಂದು ಶಬ್ದದಲ್ಲಿ ಕೇರಿಯಿಂದ ವಾಡೆಗೆ ಇರುವ ಅಷ್ಟೂ ದಾರಿ ಇತ್ತು.

“ನಿಮ್ಮವ್ವ ಹ್ಯಾಂಗದಾಳ?”

ಗೆಳೆಯ ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಸಾಲ್ಯಾಗ ನಮ್ಮಪ್ಪನ ಹೆಸರು ಏನಂತ ಬರೆಸ್ಯಾರ, ಗೊತ್ತೈತೇನ್ರಿ?”

ಮುದುಕ ತೊಲೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಹಿರಿಯ ಮಗ, ಅದೇ ಮೂಗು, ಅದೇ ಹಣೆ, “ಅಪ್ಪಾಗ ಭಾಳ ಮಾತಾಡ್ಸಬ್ಯಾಡ್ರಿ, ಡಾಕ್ಟರ್ ಬ್ಯಾಡಂದಾರ” ಅಂದ. ಮುದುಕ ಕೈ ಎತ್ತಿ ಅವನನ್ನು ಸುಮ್ಮನಿರಿಸಿದ. “ಆಗಿನ ಕಾಲ ಹಂಗಿತ್ತೋ ತಮ್ಮಾ” ಅಂದ. ಮಗನೇ ಎನ್ನಲಿಲ್ಲ, ತಮ್ಮಾ ಅಂದ. ದಾರಿಯಲ್ಲಿ ಹೋಗುವ ಯಾವ ಹುಡುಗನಿಗಾದರೂ ಅನ್ನುವ ಮಾತು. ಕಣ್ಣಲ್ಲಿ ನೀರು ಬಂದದ್ದು ನಿಜ. ಲಕ್ವಾ ಆದವರಿಗೆ ಸುಮ್ಮಸುಮ್ಮನೆಯೂ ನೀರು ಬರುತ್ತದೆ ಎನ್ನುತ್ತಾರೆ, ನಾವು ಅದನ್ನು ಅಳೆಯಲು ಹೋಗುವುದಿಲ್ಲ.

ಆಗಿನ ಕಾಲ ಎಂದರೆ ಯಾವ ಕಾಲ? ಗೆಳೆಯ ಹುಟ್ಟಿದ್ದು 2000ರ ಸುಮಾರಿಗೆ. ಮುಂಬಯಿ ಸರಕಾರ ದೇವದಾಸಿ ಕಾಯ್ದೆ ಮಾಡಿದ್ದು 1934ರಲ್ಲಿ, ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬಯಿಗೇ ಸೇರಿತ್ತು. ಕರ್ನಾಟಕದ್ದೇ ಕಾಯ್ದೆ 1982ರದು. ಅಂದರೆ ಕಾನೂನಿನ ಪ್ರಕಾರ ಆ ಕಾಲ ಯಾವಾಗಲೋ ಮುಗಿದಿತ್ತು. ಸವದತ್ತಿ ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದದ್ದು ಕಾಯ್ದೆ ಬಂದ ಮೇಲೆ ಮನೆಯೊಳಗೆ, ಕದ ಹಾಕಿಕೊಂಡು ನಡೆಯಿತು, ಅಷ್ಟೇ. ಸರಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಲೆಕ್ಕ ಮಾಡಿದಾಗ ಸಿಕ್ಕ ದೇವದಾಸಿಯರು ಒಟ್ಟು 46,660. ಇದು ಹೆಂಗಸರ ಲೆಕ್ಕ. ಅವರ ಬಾಗಿಲಿಗೆ ಬಂದ ಗಂಡಸರ ಲೆಕ್ಕ ಮಾಡಿದ್ದನ್ನು ನಾವು ಎಲ್ಲೂ ಕಂಡಿಲ್ಲ.

ಕತೆ ವಾಡೆಯಲ್ಲೇ ಮುಗಿದಿದ್ದರೆ ನಮಗೆ ಸುಲಭವಿತ್ತು. ಶೋಷಕ ಅಲ್ಲಿ, ಶೋಷಿತರು ಇಲ್ಲಿ ಎಂದು ಒಂದು ಕವಿತೆ ಬರೆದು ಮುಗಿಸಬಹುದಿತ್ತು. ಅಂಥ ಕವಿತೆ ನಾವು ಬೇಕಾದಷ್ಟು ಬರೆದಿದ್ದೇವೆ. ಗೆಳೆಯ ಮನೆಗೆ ಬಂದು ಅವ್ವನಿಗೆ ಹೇಳಿದ, ಅರ್ಜಿ ಹಾಕುತ್ತೇನೆ ಎಂದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸಲಿಲ್ಲ.

“ಹೆಸರ ತಗೊಂಡ್ ಏನ್ ಮಾಡ್ತಿ? ಅದೇನು ಹೊಟ್ಟೀಗಿ ಹಾಕ್ಕೊಳ್ಳೂದಾ?”

“ನನ್ನ ಹಕ್ಕವ್ವಾ.”

“ಅರ್ಜಿ ಹಾಕಿದ್ರ ಬರೇ ಗೌಡನ್ನ ಕೇಳ್ತಾರೇನು? ಮುತ್ತ ಕಟ್ಟಿದಾವ್ರು ಯಾರಂತ ಕೇಳೂದಿಲ್ಲ?”

ಆಗ ಬಂತು ಮಾತು. ಗೆಳೆಯನ ಮುತ್ಯಾ, ಅವ್ವನ ಅಪ್ಪ, ನಮಗೆಲ್ಲ ಬೇಕಾದ ಮನುಷ್ಯ. ಹಲಗೆ ಬಾರಿಸಿದರೆ ಮೈಯೆಲ್ಲ ನಡುಗುತ್ತಿತ್ತು. ಇವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಾಲಿಗೆ ಬಿಟ್ಟುಬಂದವನು, ಖಾನೆಯಲ್ಲಿ ಸೋದರಮಾವನ ಹೆಸರು ಬರೆಸಿದವನು. ಗೆಳೆಯನ ಪದ್ಯಗಳಲ್ಲೆಲ್ಲ ಮುತ್ಯಾನೇ ನಾಯಕ. ಆ ಮುತ್ಯಾ ವಾಡೆಗೆ ಸಾಲ ಕೊಡಬೇಕಾಗಿತ್ತಂತೆ. ಬರ ಬಿದ್ದ ವರ್ಷ ಮಗಳ ತಲೆಯಲ್ಲಿ ಜಡೆ ಗಂಟು ಕಂಡಿತು, ಎಲ್ಲಮ್ಮ ಬೇಡ್ಯಾಳ ಅಂದರು. ಅವಳಿಗೆ ಆಗ ಹದಿಮೂರೋ ಹದಿನಾಲ್ಕೋ.

“ಎಲ್ಲಮ್ಮ ಅಲ್ಲೋ ಯಪ್ಪಾ ಬಂದಾಕಿ. ಸಾಲ ಬಂದಿತ್ತು ನನ್ನ ಮೈಮ್ಯಾಲ” ಅಂದಳು ಅವ್ವ. ಇಷ್ಟು ವರ್ಷ ಅವಳು ಮುಚ್ಚಿಟ್ಟದ್ದು ಗೌಡನ ಹೆಸರನ್ನಲ್ಲ. ಅದು ಊರಿಗೇ ಗೊತ್ತಿತ್ತು. ಮುಚ್ಚಿಟ್ಟದ್ದು ತನ್ನ ಅಪ್ಪನ ಹೆಸರನ್ನು, ಮೊಮ್ಮಗನ ಕಣ್ಣಲ್ಲಿ ಮುದುಕ ಸಣ್ಣವನಾಗಬಾರದು ಎಂದು.

ಅಂದಿನಿಂದ ನಮಗೆ ‘ಅಪ್ಪನ ಹೆಸರು’ ಎಂಬ ಮಾತೇ ಬೇರೆಯಾಗಿ ಕೇಳಿಸುತ್ತದೆ. ಒಬ್ಬ ಅಪ್ಪ ಹೆಸರು ಕೊಡಲಿಲ್ಲ. ಇನ್ನೊಬ್ಬ ಅಪ್ಪ ಮಗಳನ್ನೇ ಕೊಟ್ಟ. ಇಬ್ಬರ ತಪ್ಪೂ ಒಂದೇ ತೂಕದ್ದಲ್ಲ. ಒಬ್ಬನಿಗೆ ಬೇರೆ ದಾರಿ ಬೇಕಾದಷ್ಟಿತ್ತು, ಇನ್ನೊಬ್ಬನಿಗೆ ಬಹುಶಃ ಇರಲಿಲ್ಲ. ಆದರೆ ದಾರಿ ಇರಲಿಲ್ಲ ಎಂದ ಮಾತ್ರಕ್ಕೆ ಹದಿಮೂರರ ಹುಡುಗಿಗೆ ಆದದ್ದು ಕಡಿಮೆಯಾಗುತ್ತದೆಯೇ? ಬಡತನ ಮುತ್ಯಾನನ್ನು ಅರ್ಥಮಾಡಿಸುತ್ತದೆ, ಬಿಡುಗಡೆ ಮಾಡುವುದಿಲ್ಲ. ಇದನ್ನು ಬರೆಯುವಾಗ ನಮ್ಮ ಕೈ ತಡೆಯಿತು. ಕೇರಿಯ ಗುಟ್ಟನ್ನು ಊರಿನ ಮುಂದೆ ಬಿಚ್ಚಬೇಡಿ, ವೈರಿಗೆ ಕೋಲು ಕೊಟ್ಟಂತಾಗುತ್ತದೆ ಎಂದು ಸಂಘಟನೆಯ ಹಿರಿಯರೊಬ್ಬರು ಎಚ್ಚರಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಊರಿಗೆ ಒಂದು ಕಾಯ್ದೆ ನಮಗೆ ಒಂದು ಕಾಯ್ದೆ ಎಂದು ನಾವೂ ಹೇಳತೊಡಗಿದರೆ? 1936ರ ಜೂನ್ ತಿಂಗಳಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಜೋಗತಿ, ಮುರಳಿ, ದೇವದಾಸಿಯರ ಸಭೆಯಲ್ಲಿ ಈ ಬದುಕು ಬಿಟ್ಟುಬನ್ನಿ ಎಂದು ಮುಖ ನೋಡಿ ಹೇಳಿದರು. ನಮ್ಮವರ ತಪ್ಪು ಎಂದು ಮುಚ್ಚಿಡಲಿಲ್ಲ. ಮಾತು ಕಟುವಾಗಿತ್ತು, ಇಂದು ಓದಿದರೆ ಹೆಂಗಸರ ಮೇಲೇ ಭಾರ ಹೆಚ್ಚು ಹಾಕಿದರೇನೋ ಅನ್ನಿಸುವಷ್ಟು ಕಟು. ಆದರೂ ಬಹಿರಂಗದಲ್ಲಿ ಆಡಿದ ಮಾತು.

ಕಾಯ್ದೆಯ ದಾರಿಯಲ್ಲಿ ಇನ್ನೊಂದು ಮುಳ್ಳಿದೆ, ಹಳ್ಳಿಯ ಮಾಸ್ತರರು ಇದನ್ನು ತಿಳಿದಿರಬೇಕು. ಅಪ್ಪ ಮೇಲುಜಾತಿಯವನೆಂದು ಕಾಗದದಲ್ಲಿ ಬಂದರೆ ಮಗನ ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಗತಿ ಏನು? ಕೇರಿಯಲ್ಲಿ ಎಲ್ಲರಿಗೂ ಇರುವ ಹೆದರಿಕೆ ಇದೇ. ರಮೇಶಭಾಯಿ ದಭಾಯಿ ನಾಯ್ಕ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ: ಅಪ್ಪನ ಜಾತಿಯೇ ಮಗುವಿನ ಜಾತಿ ಎಂದು ಕಣ್ಣುಮುಚ್ಚಿ ಹೇಳಲಾಗದು, ತಾಯಿಯ ಜನರ ನಡುವೆ ಬೆಳೆದು, ಅವರ ಹಾಗೇ ಅವಮಾನ ಉಂಡಿದ್ದರೆ ಅದನ್ನು ತೋರಿಸಿಕೊಡಬಹುದು ಎಂದು. ಒಳ್ಳೆಯ ಮಾತು. ಆದರೆ ‘ತೋರಿಸಿಕೊಡಬೇಕು’. ಅವಮಾನಕ್ಕೆ ರಸೀದಿ ಎಲ್ಲಿಂದ ತರುವುದು? ಹುಟ್ಟುವಾಗ ಏನೂ ಕೊಡದ ಅಪ್ಪ, ಹೆಸರು ಕೊಟ್ಟು ಇದ್ದದ್ದನ್ನೂ ಕಸಿಯಬಲ್ಲ ಎಂದಾಯಿತು. 2015ರಲ್ಲಿ ಅದೇ ಕೋರ್ಟು, ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಮಗುವಿನ ಪಾಲಕಳಾಗಬಹುದು ಎಂದೂ ತೀರ್ಪು ಕೊಟ್ಟಿತು. ಜಬಾಲೆಗೆ ನ್ಯಾಯ ಸಿಕ್ಕಿತು ಎಂದು ನಮ್ಮಲ್ಲೊಬ್ಬರು ನಕ್ಕರು, ಸ್ವಲ್ಪ ತಡವಾಯಿತು ಅಷ್ಟೇ.

ದೊಡ್ಡವರ ಮನೆಯ ಮಗ ಕೇಳಿದರೆ ಏನಾಗುತ್ತದೆ ಎಂಬುದನ್ನು ದೇಶ ನೋಡಿದೆ. ಎನ್.ಡಿ. ತಿವಾರಿ ಮುಖ್ಯಮಂತ್ರಿ, ರಾಜ್ಯಪಾಲ ಎಲ್ಲ ಆದವರು. ರೋಹಿತ್ ಶೇಖರ್ ಎಂಬ ಯುವಕ ಇವರೇ ನನ್ನ ತಂದೆ ಎಂದು 2008ರಲ್ಲಿ ದೆಹಲಿಯ ಹೈಕೋರ್ಟಿಗೆ ಹೋದ. ರಕ್ತ ಕೊಡಲು ಅವರು ಒಪ್ಪಲಿಲ್ಲ, ಕೋರ್ಟು ಬಿಡಲಿಲ್ಲ, 2012ರಲ್ಲಿ ಪರೀಕ್ಷೆ ಮಗನ ಮಾತು ನಿಜವೆಂದಿತು, 2014ರಲ್ಲಿ ಮುದುಕರು ಬಾಯಿಬಿಟ್ಟು ಒಪ್ಪಿದರು. ಆರು ವರ್ಷ. ತಾಯಿ ಮಗನ ಜೊತೆಗೇ ನಿಂತಿದ್ದಳು, ವಕೀಲರಿದ್ದರು, ಪತ್ರಿಕೆಗಳಿದ್ದವು. ಸಿಂದಗಿ ಕೋರ್ಟಿನ ಮುಂದೆ ದಿನದ ಕೂಲಿ ಬಿಟ್ಟು ನಿಂತ ಜೋಗತಿಯ ಮಗನಿಗೆ ಆರು ವರ್ಷ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೌಡ ಅಷ್ಟರಲ್ಲಿ ಸತ್ತಿರುತ್ತಾನೆ. ಹೊಲ ಹಿರಿಯ ಮಗನ ಹೆಸರಿಗೆ ಆಗಿರುತ್ತದೆ.

ಹಾಗಾದರೆ ನಮ್ಮ ತೀರ್ಮಾನ ಏನು? ಕೇಳುವ ಹಕ್ಕು ಇರಲೇಬೇಕು. ಇದರಲ್ಲಿ ನಮಗೆ ಸಂಶಯವಿಲ್ಲ. ಕೇಳಿದರೆ ಹೊಲದ ಪಾಲು ಕೇಳಬೇಕು, ಅವ್ವನ ಮೂವತ್ತು ವರ್ಷಗಳ ಲೆಕ್ಕ ಕೇಳಬೇಕು. ಬರೀ ಹೆಸರು ಕೇಳಿ ಧನ್ಯರಾಗಿ ಬರುವುದಾದರೆ, ವಾಡೆಯ ರಕ್ತಕ್ಕೆ ಕೇರಿಯ ರಕ್ತಕ್ಕಿಂತ ಬೆಲೆ ಹೆಚ್ಚು ಎಂದು ನಾವೇ ಒಪ್ಪಿಕೊಂಡಂತೆ. ಲಿಂಬಾಳೆಯವರ ಪುಸ್ತಕದ ಹೆಸರೇ ಆ ತಕ್ಕಡಿಯನ್ನು ತೋರಿಸಿ ಛೀ ಎನ್ನುತ್ತದೆ. ಇಷ್ಟರ ತನಕ ನಾವೆಲ್ಲ ಒಂದು.

ಒಡೆದದ್ದು ಅವ್ವನ ವಿಷಯಕ್ಕೆ. ನಮ್ಮಲ್ಲಿ ಹೆಚ್ಚಿನವರು ಅಂದೆವು, ಇದು ಮೊದಲು ಅವಳ ಗುಟ್ಟು, ಅವಳ ಮೈಮೇಲೆ ನಡೆದದ್ದು, ಅವಳು ಹೂಂ ಅನ್ನುವ ತನಕ ಮಗ ಬಾಯಿ ಬಿಡಬಾರದು. ಮಗನಿಗೆ ಅಪ್ಪನ ಹಸಿವು, ಸರಿ. ಆ ಹಸಿವಿಗಾಗಿ ಅವಳನ್ನು ಮತ್ತೊಮ್ಮೆ ಊರ ಮುಂದೆ ನಿಲ್ಲಿಸುವ ಹಕ್ಕು ಅವನಿಗಿಲ್ಲ. ಗಂಡುಮಕ್ಕಳು ನಾವು ‘ನನ್ನ ತಂದೆ ಯಾರು’ ಎಂದು ಕವಿತೆ ಬರೆದು ಚಪ್ಪಾಳೆ ಗಿಟ್ಟಿಸಿದೆವು. ಆ 46,660 ಮಂದಿಯಲ್ಲಿ ಎಷ್ಟು ಜನ ‘ನನ್ನನ್ನು ಕೊಟ್ಟವರು ಯಾರು’ ಎಂದು ಬರೆದಿದ್ದಾರೆ? ನಾವು ಕೇಳಲೂ ಇಲ್ಲ. ಅವಳ ಕೊರಳಿನ ಮುತ್ತು ಕಿತ್ತು ಬಿಸಾಕು, ಜಗ ಇಳಿಸು ಎಂದು ಅಂಬೇಡ್ಕರ್ ಓದಿ ಬಂದ ಹೊಸದರಲ್ಲಿ ಅವಳ ಮೇಲೆ ಹಾರಾಡಿದ್ದೇವೆ. ವಾಡೆಗೂ ನಮಗೂ ನಡುವೆ ಇರುವ ಕಂದಕದ ಬಗ್ಗೆ ಮಾತಾಡುತ್ತೇವೆ, ನಮ್ಮ ಬಿ.ಎ.ಗೂ ಅವ್ವನ ಉಧೋ ಉಧೋಗೂ ನಡುವೆ ಬಿದ್ದದ್ದು ಅದಕ್ಕಿಂತ ಸಣ್ಣದೇನಲ್ಲ.

ಗುಂಪಿನಲ್ಲಿ ಒಬ್ಬಳೇ ಹೆಣ್ಣುಮಗಳು ಇದ್ದಳು, ಕನ್ನಡ ಸಾಲಿಯ ಶಿಕ್ಷಕಿ, ಅವಳ ಅವ್ವನೂ ಮುತ್ತು ಕಟ್ಟಿಸಿಕೊಂಡವಳೇ. ಅವಳು ಒಪ್ಪಲಿಲ್ಲ. “ಅವ್ವಗ ಸುಮ್ಮನಿರು ಅಂತ ಕಲಿಸಿದವರು ಯಾರಣ್ಣಾ? ಕಲಿಸಿದ ಮೌನಕ್ಕ ನೀವು ಈಗ ಹಕ್ಕು ಅಂತ ಹೆಸರಿಟ್ಟು ಕೈ ಮುಗೀತೀರಿ. ಗೌಡನ ಗ್ವಾಡಿಗೆ ನೀವ ಸುಣ್ಣ ಹಚ್ಚಿದಂಗಾತು” ಅಂದಳು. “ನಮ್ಮವ್ವ ಸಾಯೂದರಾಗ ಒಂದ ಸಲ ಆದರೂ ಅಂವನ ಹೆಸರ ಎಲ್ಲಾರ ಮುಂದ ಹಗಲೊತ್ತಿನ್ಯಾಗ ಹೇಳಬೇಕು. ನನಗ ಅಂವನ ಹೊಲ ಬ್ಯಾಡ.” ನಾವು ಆರು ಗಂಡಸರು, ಯಾರಿಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ. ಅವಳ ಮಾತು ಸರಿ ಎಂದು ಈ ಲೇಖನ ಬರೆಯುವಷ್ಟರಲ್ಲಿ ನಮ್ಮಲ್ಲಿ ಇಬ್ಬರು ಅವಳ ಕಡೆಗೆ ಹೋಗಿದ್ದಾರೆ.

ಗೆಳೆಯ ವಾಡೆಗೆ ಮತ್ತೆ ಹೋಗಿಲ್ಲ. ಅರ್ಜಿ ಬರೆದು ಇಟ್ಟಿದ್ದಾನೆ, ತಾರೀಖು ಹಾಕಿಲ್ಲ, ಸಹಿ ಮಾಡಿಲ್ಲ. ಅದು ಅವ್ವನ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆಗಿದೆ. ಅವಳಿಗೆ ಓದಲು ಬಾರದು, ಏನೆಂದು ಗೊತ್ತು. ಮುತ್ಯಾನ ಹಲಗೆ ಗೋಡೆಯ ಮೇಲೆ ಇತ್ತು, ಈಗ ಇಳಿಸಿದ್ದಾರೆ. ಇಳಿಸಿದವನು ಗೆಳೆಯನಲ್ಲ, ಅವಳೇ. ಈ ಜೂನ್‌ನಲ್ಲಿ ಗೆಳೆಯನ ಸಾಲಿಯಲ್ಲಿ ಹೆಸರು ಹಚ್ಚುವ ಕೆಲಸ ಅವನಿಗೇ ಬಂತು. ಕೂಸನ್ನು ಕರೆತಂದ ಒಬ್ಬ ಹೆಣ್ಣುಮಗಳು ಆ ಖಾನೆಯ ಹೊತ್ತಿಗೆ ನೆಲ ನೋಡಿದಳು. ಇವನು ಕೇಳದೆ ಮುಂದಿನ ಖಾನೆಗೆ ಹೋದ. ತಾಯಿಯ ಹೆಸರು ಕೇಳಿದ, ಅವಳು ಸ್ವಲ್ಪ ಜೋರಾಗಿಯೇ ಹೇಳಿದಳಂತೆ.